ನಿಮಗಿದು ಗೊತ್ತೇ? ಮೈದಾನಕ್ಕಿಳಿಯುವ ಮೊದಲು ಅಂಕಪಟ್ಟಿ

ಮೈಸೂರಿನಲ್ಲಿ ಹುಟ್ಟಿದ ಡಿಸ್ಕಸ್ ಎಸೆತಗಾರ ವಿಕಾಸ್ ಗೌಡ ಪಳಗಿದ್ದು ಅಮೆರಿಕದ ಕಾಲೇಜು ಅಂಗಳದಲ್ಲಿ. 2006ರಲ್ಲಿ ನಾರ್ತ್ ಕೆರೋಲಿನಾ ವಿಶ್ವವಿದ್ಯಾಲಯದ ಪರವಾಗಿ ಅಲ್ಲಿನ ಅಂತರಕಾಲೇಜು ಚಾಂಪಿಯನ್ ಆದ ಅವರು, 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಚಿನ್ನ ಗೆದ್ದುಕೊಟ್ಟರು. ಅಂಥ ಕಾಲೇಜು ತಂಡ ಸೇರಲು ಅಲ್ಲಿನ ಹೈಸ್ಕೂಲು ಮಕ್ಕಳು ಏನೇನು ದಾಟಬೇಕು ಗೊತ್ತೇ?

ಮೊದಲ ಹೊಸ್ತಿಲು ಓದು. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೇಲ್ದರ್ಜೆಯಾದ ಡಿವಿಷನ್ ಒಂದರಲ್ಲಿ ಆಡಲು ಇಂಗ್ಲಿಷ್, ಗಣಿತ, ವಿಜ್ಞಾನದಂಥ 16 ಮುಖ್ಯ ಕೋರ್ಸುಗಳನ್ನು ಮುಗಿಸಿ, ಅವುಗಳಲ್ಲಿ ಕನಿಷ್ಠ 2.3 ಜಿಪಿಎ (ಗ್ರೇಡುಗಳ ಸರಾಸರಿ) ಪಡೆದಿರಬೇಕು. ಹತ್ತು ಕೋರ್ಸುಗಳು ಹನ್ನೆರಡನೇ ತರಗತಿ ಶುರುವಾಗುವ ಮುಂಚೆಯೇ ಮುಗಿಯಬೇಕು. ಆಮೇಲೆ ಅವುಗಳ ಗ್ರೇಡ್ ತಿದ್ದಿಕೊಳ್ಳಲು ಅವಕಾಶವಿಲ್ಲ. ಒಂಬತ್ತನೇ ತರಗತಿಯಲ್ಲಿ ಗಣಿತವನ್ನು ಹಗುರವಾಗಿ ತೆಗೆದುಕೊಂಡ ಓಟಗಾರ ಎಷ್ಟೇ ವೇಗವಾಗಿ ಓಡಿದರೂ ಇಲ್ಲಿ ಎಡವಬಹುದು. ಪಾಲಕರಿಗೆ ನಾನು ಒತ್ತಿ ಹೇಳುವುದು ಇದನ್ನೇ.

ಕಾಲೇಜು ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯ ಅಂಕ? 2023ರಿಂದ ಎನ್‌ಸಿಎಎ ಅದನ್ನು ಕೇಳುವುದಿಲ್ಲ. ಆದರೆ ಕಾಲೇಜು ಕೇಳಬಹುದು.

ಹಾರ್ವರ್ಡ್, ಯೇಲ್ ಸೇರಿದಂತೆ ಎಂಟು ಐವಿ ಲೀಗ್ ವಿಶ್ವವಿದ್ಯಾಲಯಗಳು ಡಿವಿಷನ್ ಒಂದರಲ್ಲೇ ಆಡುತ್ತವೆ. ಹಾಗಿದ್ದರೂ ಆಟಕ್ಕೆಂದು ಒಂದು ಡಾಲರ್ ಸ್ಕಾಲರ್‌ಶಿಪ್ಪನ್ನೂ ಕೊಡುವುದಿಲ್ಲ. ಡಿವಿಷನ್ ಮೂರರ ಕಾಲೇಜುಗಳದ್ದೂ ಇದೇ ನಿಯಮ.

ಡಿವಿಷನ್ ಒಂದರ ಉಳಿದ ಕಾಲೇಜುಗಳಲ್ಲಿ ಬೇಸ್‌ಬಾಲ್ ತಂಡಕ್ಕೆ ಬಹುಕಾಲ ಇದ್ದದ್ದು 11.7 ಸ್ಕಾಲರ್‌ಶಿಪ್! ಕೋಚ್ ಅದನ್ನೇ 27 ಆಟಗಾರರವರೆಗೆ ತುಂಡು ಮಾಡಿ ಹಂಚುತ್ತಿದ್ದರು. ‘ಸ್ಕಾಲರ್‌ಶಿಪ್ ಸಿಕ್ಕಿತು’ ಎಂದು ಕುಣಿದಾಡಿದ ಎಷ್ಟೋ ಮನೆಗಳಿಗೆ ಬಂದದ್ದು ಕಾಲುಭಾಗದ ಶುಲ್ಕ ಮಾತ್ರ. ಎನ್‌ಸಿಎಎ ವಿರುದ್ಧದ ಮೊಕದ್ದಮೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಬಳಿಕ, ಆ ಒಪ್ಪಂದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡದ ಮಿತಿ 34 ಜನ. ಹಣವಿದ್ದರೆ ಅಷ್ಟೂ ಜನರಿಗೆ ಪೂರ್ತಿ ಕೊಡಬಹುದು. ಆದ್ದರಿಂದ ಕೋಚ್‌ಗೆ ಕೇಳಬೇಕಾದ ಪ್ರಶ್ನೆ: ಎಷ್ಟು ಭಾಗ? ಎಷ್ಟು ವರ್ಷಕ್ಕೆ?

ಬಾಯಿಮಾತಿನ ಒಪ್ಪಿಗೆಗೆ ಕಟ್ಟುಪಾಡಿಲ್ಲ, ಆಟಗಾರರಿಗೂ ಕಾಲೇಜಿಗೂ. ಸಹಿ ಬೀಳುವ ತನಕ ಉಳಿದ ಕಾಲೇಜುಗಳ ಬಾಗಿಲು ಮುಚ್ಚಿಕೊಳ್ಳಬೇಡಿ. 1964ರಿಂದ ಸಹಿ ಹಾಕಿಸಿಕೊಳ್ಳುತ್ತಿದ್ದ ‘ರಾಷ್ಟ್ರೀಯ ಇರಾದೆ ಪತ್ರ’ 2024ರಲ್ಲಿ ರದ್ದಾಗಿ, ಅದರ ಜಾಗಕ್ಕೆ ಧನಸಹಾಯದ ಕರಾರು ಬಂದಿದೆ.

ಕೋಚ್‌ಗೆ ಕಳಿಸುವ ವಿಡಿಯೊದಲ್ಲಿ ಹಾಡು, ಬಣ್ಣ, ನಿಧಾನಗತಿ ಯಾವುದೂ ಬೇಡ. ಚೆಂಡು ಬರುವ ಮೊದಲು ನಿಮ್ಮ ಸುತ್ತ ಒಂದು ಉಂಗುರ ಮೂಡಲಿ, ಇಪ್ಪತ್ತೆರಡು ಜನರಲ್ಲಿ ನೀವ್ಯಾರೆಂದು ಕಾಣಲಿ. ಅತ್ಯುತ್ತಮ ಆಟವನ್ನು ಮೊದಲೇ ಇಡಿ. ಇಮೇಲ್‌ನ ತಲೆಬರಹದಲ್ಲೇ ಹೆಸರು, ಹೈಸ್ಕೂಲು ಮುಗಿಸುವ ವರ್ಷ, ಆಡುವ ಸ್ಥಾನ ಇರಲಿ. ಬರೆಯುವುದು ಮಕ್ಕಳೇ ಆಗಲಿ; ಅಪ್ಪ-ಅಮ್ಮ ಕಾಗುಣಿತ ನೋಡಿಕೊಟ್ಟರೆ ಸಾಕು.

ಈಜು, ಟೆನಿಸ್, ವಾಲಿಬಾಲ್‌ನಂಥ ಹಲವು ಆಟಗಳಲ್ಲಿ ಡಿವಿಷನ್ ಒಂದರ ಕೋಚ್‌ಗಳು ಹತ್ತನೇ ತರಗತಿ ಮುಗಿದ ಮೇಲಿನ ಜೂನ್ 15ರವರೆಗೆ ತಂಡದ ಆಯ್ಕೆಯ ಬಗ್ಗೆ ಬರೆಯುವಂತಿಲ್ಲ, ಫೋನೂ ಮಾಡುವಂತಿಲ್ಲ. ಒಂಬತ್ತನೇ ತರಗತಿಯ ಹುಡುಗಿ ತನ್ನ ಪತ್ರಕ್ಕೆ ಉತ್ತರವೇ ಬರಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಕೂತಿದ್ದರೆ, ಪಕ್ಕದಲ್ಲಿ ಕೂತು ಕ್ಯಾಲೆಂಡರಿನಲ್ಲಿ ಆ ದಿನ ತೋರಿಸಿ.