ಕೆಟ್ಟು ನಿಂತ ಗಣಕದ ಕೊನೆಯ ನೆನಪು

ಮಕ್ಕಳೇ, ಮಹಾಲಿಂಗಪುರದ ನೇಕಾರರ ಮನೆಗಳಲ್ಲಿ ಮಗ್ಗ ನೋಡಿದ್ದೀರಲ್ಲವೇ? ಹಾಸಿನ ಎಳೆ ಕಡಿದರೆ ನೇಕಾರರು ಕೂಡಲೇ ಮಗ್ಗ ನಿಲ್ಲಿಸುತ್ತಾರೆ. ಎಲ್ಲಿ ಕಡಿಯಿತೆಂದು ಹುಡುಕಿ ಗಂಟು ಹಾಕುತ್ತಾರೆ. ಗಣಕಯಂತ್ರ ಕೆಟ್ಟು ನಿಂತಾಗ ತಜ್ಞರು ಮಾಡುವುದೂ ಇದನ್ನೇ. ಆದರೆ ಅಲ್ಲೊಂದು ತೊಡಕಿದೆ.

ಗಣಕವು ಕೆಲಸಕ್ಕೆ ಬೇಕಾದ ಸಂಗತಿಗಳನ್ನು ತಾತ್ಕಾಲಿಕ ಸ್ಮರಣೆಯಲ್ಲಿ ಇಟ್ಟುಕೊಳ್ಳುತ್ತದೆ. ಆರಿಸಿ ಮತ್ತೆ ಚಾಲೂ ಮಾಡಿದರೆ ಆ ಸ್ಮರಣೆ ಅಳಿಸಿಹೋಗುತ್ತದೆ. ಅದರೊಂದಿಗೆ ತಪ್ಪಿನ ಗುರುತೂ ಹೋಗುತ್ತದೆ. ಆದ್ದರಿಂದ ನಿಲ್ಲುವ ಮುನ್ನ ಗಣಕವು ಸ್ಮರಣೆಯಲ್ಲಿದ್ದುದನ್ನು ಡಿಸ್ಕಿಗೆ ನಕಲು ಮಾಡುತ್ತದೆ. ಈ ನಕಲೇ 'ಕ್ರ್ಯಾಶ್ ಡಂಪ್'. ಇದಕ್ಕೆ 'ಕೋರ್ ಡಂಪ್' ಎಂಬ ಹಳೆಯ ಹೆಸರೂ ಇದೆ. 1960ರ ದಶಕದ ಗಣಕಗಳ ಸ್ಮರಣೆ ಪುಟ್ಟ ಕಾಂತೀಯ ಉಂಗುರಗಳಿಂದ ಆಗಿತ್ತು. ಉಂಗುರಗಳೊಳಗೆ ಹಾಸು ಹೊಕ್ಕಿನಂತೆ ತಂತಿ ಪೋಣಿಸುತ್ತಿದ್ದರು. ಆ ಉಂಗುರವೇ 'ಕೋರ್'.

ಒಂದರೊಳಗೆ ಹಲವು

ಒಂದು ವಠಾರದಲ್ಲಿ ಹಲವು ಸಂಸಾರಗಳು ಇರುತ್ತವೆ. ಹಾಗೆಯೇ 'ಹೈಪರ್‌ವೈಸರ್' ಎಂಬ ತಂತ್ರಾಂಶವು ಒಂದು ದೊಡ್ಡ ಗಣಕವನ್ನು ಹಲವು ಗಣಕಗಳಂತೆ ಹಂಚಿಕೊಡುತ್ತದೆ. ಇವಕ್ಕೆ 'ವರ್ಚುವಲ್ ಗಣಕ'ಗಳೆಂದು ಹೆಸರು. ಒಂದು ಕೆಟ್ಟರೂ ಉಳಿದವು ನಡೆಯುತ್ತವೆ. ಕೆಟ್ಟದ್ದರ ಸ್ಮರಣೆಯನ್ನು ಹೈಪರ್‌ವೈಸರ್ ಹೊರಗಿನಿಂದಲೇ ನಕಲು ಮಾಡಬಲ್ಲದು.

ಹೈಪರ್‌ವೈಸರೇ ಕುಸಿದರೆ? ಎಲ್ಲವೂ ಒಟ್ಟಿಗೆ ನಿಲ್ಲುತ್ತವೆ! ಆಗ ಅದು ತನ್ನ ಸ್ಮರಣೆಯನ್ನು ಡಿಸ್ಕಿಗೆ ಬರೆಯುತ್ತದೆ, ಇಲ್ಲವೇ ಜಾಲದ ಮೂಲಕ ಬೇರೊಂದು ಗಣಕಕ್ಕೆ ಕಳಿಸುತ್ತದೆ. ಇದಕ್ಕೆ ಮೊದಲೇ ಜಾಗ ಗೊತ್ತುಮಾಡಿರಬೇಕು. 'ಇಎಸ್‌ಎಕ್ಸ್‌ಐ' ಎಂಬ ಹೈಪರ್‌ವೈಸರ್ ಕುಸಿದಾಗ ಪರದೆ ನೇರಳೆ ಬಣ್ಣಕ್ಕೆ ತಿರುಗುತ್ತದೆ.

ತಪ್ಪು ಸಿಕ್ಕ ಬಗೆ

ಇಂಥ ನಕಲಿನ ಉಪಯೋಗ 2024ರಲ್ಲಿ ಚೆನ್ನಾಗಿ ಕಂಡಿತು. ಆ ವರ್ಷ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ರಕ್ಷಣಾ ತಂತ್ರಾಂಶಕ್ಕೆ ದೋಷವಿದ್ದ ಕಡತವೊಂದು ಬಂತು. ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಕುಸಿದವು. ಅವುಗಳಲ್ಲಿ ವರ್ಚುವಲ್ ಗಣಕಗಳೂ ಇದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಹಲವು ವಿಮಾನ ಕಂಪನಿಗಳ ಸಿಬ್ಬಂದಿ ಗಣಕವಿಲ್ಲದೆ, ಕೈಯಿಂದಲೇ ಪ್ರಯಾಣಿಕರ ನೋಂದಣಿ ಮಾಡಬೇಕಾಯಿತು.

ತಜ್ಞರು ಡಂಪ್‌ಗಳನ್ನು ತೆರೆದರು. ಕುಸಿದ ಕ್ಷಣದಲ್ಲಿ ಯಾವ ತಂತ್ರಾಂಶ ನಡೆಯುತ್ತಿತ್ತು? ಯಾವ ಆದೇಶ ಪಾಲಿಸುತ್ತಿತ್ತು? ಅದಕ್ಕೆ ಮುಂಚೆ ಏನು ಮಾಡಿತ್ತು? ಹೀಗೆ ಹಿಂದು ಹಿಂದಕ್ಕೆ ಹೋದಾಗ ತಪ್ಪು ಸಿಕ್ಕಿತು. 20 ಮಾಹಿತಿಗಳಷ್ಟೇ ಇದ್ದ ಪಟ್ಟಿಯಲ್ಲಿ ತಂತ್ರಾಂಶವು 21ನೆಯದನ್ನು ಓದಲು ಹೋಗಿತ್ತು!

ಡಂಪಿನಲ್ಲಿ ಗುಪ್ತಪದಗಳೂ ಉಳಿದಿರಬಹುದು. ಆದ್ದರಿಂದ ಅದನ್ನು ಜೋಪಾನವಾಗಿ ಕಾಯಬೇಕು.

ಮಾಡಿ ನೋಡಿ: ದೊಡ್ಡ ಗುಣಾಕಾರದ ಉತ್ತರ ತಪ್ಪಿದರೆ ಪಾಟಿಯನ್ನು ಒರೆಸಬೇಡಿ. ಕೊನೆಯ ಸಾಲಿನಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆ ಪರೀಕ್ಷಿಸಿ. ತಪ್ಪು ಯಾವ ಸಾಲಿನಲ್ಲಿ ಸಿಕ್ಕಿತು?