ಐದು ತಾಲ್ಲೂಕುಗಳ ಕತ್ತಲೆಯೂ ಅಜ್ಞಾತ ಗೆಲಾಕ್ಸಿಗಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಜನರಿಗೆ ಚಂದ್ರನ ವೃದ್ಧಿಕ್ಷಯಗಳ ಲೆಕ್ಕವು ಜಾತ್ರೆಗಳ ಮೂಲಕವೇ ತಿಳಿದಿರುತ್ತದೆ. ಭರತ ಹುಣ್ಣಿಮೆಯ ಬೆನ್ನಿಗೆ ಮೈಲಾರದ ಕಾರಣಿಕವಾದರೆ, ಅದಾಗಿ ವಾರ ಕಳೆಯುವ ಹೊತ್ತಿಗೆ ಮೂಲಾ ನಕ್ಷತ್ರದಲ್ಲಿ ಕೊಟ್ಟೂರೇಶ್ವರನ ತೇರು. ಚಂದ್ರೋದಯವು ನಡುರಾತ್ರಿಯಿಂದಾಚೆಗೆ ಸರಿದಿರುವ ಆ ಬಹುಳಪಕ್ಷದ ಇರುಳುಗಳಲ್ಲಿ ಎರೆಹೊಲಗಳ ಮೇಲೆ ಕವಿಯುವ ನಿರ್ಮಲವಾದ ಕತ್ತಲೆಯು ಹವ್ಯಾಸಿ ಖಗೋಳವೀಕ್ಷಕನ ಪಾಲಿಗೆ ಪರಮ ಸಂಪತ್ತೆಂದೇ ಹೇಳಬೇಕು; ಏಕೆಂದರೆ ಅವನು ಅರಸುವ ಗೆಲಾಕ್ಸಿಗಳು, ಅವುಗಳಲ್ಲಿಯೂ ಪಟ್ಟಿಯೊಳಗೆ ಬರಿಯ ಸಂಖ್ಯೆಯಾಗಿ ಉಳಿದು ಯಾರ ಗಮನಕ್ಕೂ ಬಾರದ ಕ್ಷೀಣಕಾಂತಿಯ ಗೆಲಾಕ್ಸಿಗಳು, ಬೆಳದಿಂಗಳು ಸೋಂಕಿದ ಮಾತ್ರಕ್ಕೆ ಮರೆಯಾಗುವಂಥವು.

ಈ ಸೀಮೆಗೆ ಮತ್ತೊಂದು ಭಾಗ್ಯವೂ ಉಂಟು. ಇದರ ಅಕ್ಷಾಂಶವು ಸುಮಾರು 15 ಡಿಗ್ರಿ ಉತ್ತರ. ಕನ್ಯಾರಾಶಿಯ ಗೆಲಾಕ್ಸಿ ಸಮೂಹದ ಮಧ್ಯಭಾಗವಾದರೋ ಖಗೋಳದ ವಿಷುವದ್ವೃತ್ತಕ್ಕೆ ಸುಮಾರು 12 ಡಿಗ್ರಿ ಉತ್ತರದಲ್ಲಿದೆ. ಆದಕಾರಣ ಐದಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿರುವ, ಸಾವಿರಕ್ಕೂ ಮಿಕ್ಕ ಗೆಲಾಕ್ಸಿಗಳ ಆ ಮಹಾಸಮುದಾಯವು ಯುಗಾದಿ ಅಮಾವಾಸ್ಯೆಯ ನಡುರಾತ್ರಿಯ ಸುಮಾರಿಗೆ ಇಲ್ಲಿಯವರ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ. ಬೆಳಕು ಹಾದುಬರಬೇಕಾದ ವಾಯುಮಂಡಲದ ಪದರವು ಅತ್ಯಂತ ತೆಳುವಾಗಿರುವುದೂ ನೆತ್ತಿಯ ಮೇಲೆಯೇ. 2019ರಲ್ಲಿ ಜಗತ್ತು ಪ್ರಥಮತಃ ಕಂಡ ಕೃಷ್ಣರಂಧ್ರದ ಚಿತ್ರವು ಇದೇ ಸಮೂಹಕ್ಕೆ ಸೇರಿದ ಎಂ 87 ಗೆಲಾಕ್ಸಿಯ ಗರ್ಭದ್ದು.

ದೂರದರ್ಶಕಕ್ಕೆ ಕಣ್ಣಿಟ್ಟವನಿಗೆ ಈ ಗೆಲಾಕ್ಸಿಗಳಲ್ಲಿ ಹೆಚ್ಚಿನವು ಕಾಣಿಸುವುದೇ ಇಲ್ಲ. ಕಣ್ಣು ಬೆಳಕನ್ನು ಕೂಡಿಡಲಾರದು, ಕ್ಯಾಮೆರಾ ಕೂಡಿಡಬಲ್ಲುದು. ಭೂಮಿಯ ಭ್ರಮಣಕ್ಕೆ ಪ್ರತಿಯಾಗಿ ದೂರದರ್ಶಕವನ್ನು ತಿರುಗಿಸುವ ಪೀಠವನ್ನು ಮೊದಲು ಧ್ರುವದ ನೇರಕ್ಕೆ ನಿಲ್ಲಿಸಬೇಕು; ಧ್ರುವನಕ್ಷತ್ರವು ಇಲ್ಲಿ ದಿಗಂತದಿಂದ 15 ಡಿಗ್ರಿಯಷ್ಟೇ ಮೇಲಿರುವುದರಿಂದ ಕೂಡ್ಲಿಗಿಯ ಕಲ್ಲುಗುಡ್ಡಗಳ ಮಗ್ಗುಲಲ್ಲಿ ನಿಲ್ಲುವವರು ಉತ್ತರ ದಿಕ್ಕು ತೆರೆದಿರುವ ಬಯಲನ್ನೇ ಆರಿಸಿಕೊಳ್ಳುವುದು ಲೇಸು. ಆಮೇಲೆ ಕೆಲವು ನಿಮಿಷಗಳಂತೆ ಹತ್ತಾರು, ನೂರಾರು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದಾಗಿ ಕೂಡಿಸುತ್ತಾರೆ. ನೂರು ಚಿತ್ರಗಳನ್ನು ಕೂಡಿಸಿದರೆ ಚಿತ್ರದೊಳಗಣ ಗೊಂದಲಕ್ಕೆ (ನಾಯ್ಸ್) ಹೋಲಿಸಿದಾಗ ಗೆಲಾಕ್ಸಿಯ ಬೆಳಕು ಹತ್ತು ಪಟ್ಟು ಸ್ಪಷ್ಟವಾಗುತ್ತದೆ. ಇಪ್ಪತ್ತು ಪಟ್ಟು ಬೇಕೆಂದರೆ ನಾನೂರು ಬೇಕು. ತಾಳ್ಮೆಗೆ ಇಲ್ಲಿ ಗಣಿತವೇ ಬೆಲೆ ಕಟ್ಟಿದೆ.

ಆದರೆ ಚಿತ್ರವು ಸಿದ್ಧವಾದ ಬಳಿಕವೇ ನಿಜವಾದ ಕೆಲಸವು ಆರಂಭವಾಗುವುದೆಂಬುದು ನನ್ನ ಅಭಿಪ್ರಾಯ. ಮೂಲೆಯಲ್ಲೊಂದು ಮಸುಕು ಕಾಣಿಸಿತು, ಅದು ಏನು? ಮಸೂರಗಳೊಳಗೆ ಪ್ರತಿಫಲಿಸಿದ ಸುಳ್ಳುಬೆಳಕೋ, ಸಂವೇದಕದ ಮೇಲಣ ಧೂಳೋ, ಅಂಟಿದಂತೆ ತೋರುವ ಎರಡು ನಕ್ಷತ್ರಗಳೋ, ಧೂಮಕೇತುವೋ? ಮರುದಿನ ದೂರದರ್ಶಕವನ್ನು ತುಸು ಓರೆಮಾಡಿ ಮತ್ತೆ ಚಿತ್ರ ತೆಗೆದಲ್ಲಿ ಧೂಳಿನ ಕಲೆಯು ಚೌಕಟ್ಟಿನ ಅದೇ ಸ್ಥಳದಲ್ಲಿ ಉಳಿದು ಸಿಕ್ಕಿಬೀಳುತ್ತದೆ, ಧೂಮಕೇತುವು ನಕ್ಷತ್ರಗಳ ನಡುವೆ ಸರಿದಿರುತ್ತದೆ, ಗೆಲಾಕ್ಸಿಯಾದರೋ ಅವುಗಳ ನಡುವೆ ಅಚಲವಾಗಿರುತ್ತದೆ. ನಕ್ಷತ್ರಗಳ ವಿನ್ಯಾಸವನ್ನು ನೋಡಿ ಚಿತ್ರದ ಪ್ರತಿಯೊಂದು ಬಿಂದುವಿಗೂ ಖಗೋಳದ ನಿರ್ದೇಶಾಂಕಗಳನ್ನು ಲೆಕ್ಕಹಾಕಿಕೊಡುವ ತಂತ್ರಾಂಶಗಳು ಈಗ ಉಚಿತವಾಗಿಯೇ ದೊರೆಯುತ್ತವೆ. ಆ ಸ್ಥಾನವನ್ನು ಹಿಡಿದು ಪಟ್ಟಿಗಳನ್ನು ಶೋಧಿಸಬೇಕು. 1888ರಲ್ಲಿ ಖಗೋಳವಿಜ್ಞಾನಿ ಡ್ರೇಯರ್ ಸಂಕಲಿಸಿದ ಎನ್‌ಜಿಸಿ ಪಟ್ಟಿಯಲ್ಲಿ ನೀಹಾರಿಕೆ, ತಾರಾಗುಚ್ಛಗಳೂ ಸೇರಿ 7,840 ಕಾಯಗಳಿದ್ದುವು. 1989ರ ಪಿಜಿಸಿ ಪಟ್ಟಿಯಲ್ಲಿ ಗೆಲಾಕ್ಸಿಗಳೇ 73,197. ಪಾಲೊಮಾರ್ ವೀಕ್ಷಣಾಲಯದವರು 1949ರಿಂದ ತೆಗೆದ ಆಕಾಶಫಲಕಗಳನ್ನೂ ಮನೆಯಲ್ಲಿಯೇ ಕುಳಿತು ಹೋಲಿಸಿ ನೋಡಬಹುದು. ಹೀಗೆ ಮಸುಕಿಗೊಂದು ಸಂಖ್ಯೆ, ಸಂಖ್ಯೆಗೊಂದು ದೂರ ದೊರೆತಾಗ ಉಂಟಾಗುವ ಆನಂದವು ವರ್ಣರಂಜಿತವಾದ ಚಿತ್ರವು ಕೊಡುವ ಆನಂದಕ್ಕಿಂತ ಹಿರಿದಾದುದು.

ಯಾವ ಪಟ್ಟಿಯಲ್ಲಿಯೂ ಇಲ್ಲದಿದ್ದರೆ? ಅದೂ ಸಂಭವಿಸಿದೆ. ಇಟಲಿಯ ಹವ್ಯಾಸಿ ಜುಸೆಪ್ಪೆ ದೊನಾತಿಯೆಲ್ಲೊ ಎಂಬವರು ಸುಮಾರು ಐದು ಅಂಗುಲದ ದೂರದರ್ಶಕದಿಂದ ತಾವು ತೆಗೆದ ಚಿತ್ರಗಳನ್ನು 2016ರಲ್ಲಿ ಪರಿಶೀಲಿಸುತ್ತಿದ್ದಾಗ, ದೇವಯಾನಿ ನಕ್ಷತ್ರಪುಂಜದ ದಿಕ್ಕಿನಲ್ಲಿ ಅಜ್ಞಾತವಾಗಿದ್ದ ಕುಬ್ಜ ಗೆಲಾಕ್ಸಿಯೊಂದನ್ನು ಕಂಡರು. ದೊಡ್ಡ ದೂರದರ್ಶಕಗಳು ಅದನ್ನು ದೃಢಪಡಿಸಿದುವು, ಅದಕ್ಕೆ ಅವರ ಹೆಸರೇ ನಿಂತಿತು.

ಕರ್ನಾಟಕದಲ್ಲಿಯೂ ಈ ಹವ್ಯಾಸಕ್ಕೆ ಪೂರ್ವಪರಂಪರೆಯಿದೆ. ಬೆಂಗಳೂರಿನ ಹವ್ಯಾಸಿ ಖಗೋಳವೀಕ್ಷಕರ ಸಂಘವು 1976ರಿಂದ ನಡೆದುಬಂದಿದೆ, ಜಿ. ಟಿ. ನಾರಾಯಣ ರಾಯರು ಕನ್ನಡದ ಓದುಗರಿಗೆ ನಕ್ಷತ್ರಗಳ ಗುರುತುಪರಿಚಯ ಮಾಡಿಸಿದ್ದಾರೆ. ಆದರೆ ಬೆಂಗಳೂರಿನ ಆಕಾಶವು ಈಗ ದೀಪಗಳಿಂದ ಬೆಳ್ಳಗಾಗಿದೆ. ಈ ಐದು ತಾಲ್ಲೂಕುಗಳಲ್ಲಿಯೂ ವೃತ್ತಗಳಿಗೆ ಹೈಮಾಸ್ಟ್ ದೀಪಗಳು ಬರುತ್ತಿವೆ. ಬೆಳಕು ಬೇಡವೆಂದು ಹೇಳುವವರು ಯಾರೂ ಇಲ್ಲ. ಅದು ನೆಲಕ್ಕೆ ಬೀಳುವಂತೆ ಮೇಲ್ಗಡೆ ಮರೆಯಿಟ್ಟು, ಆಕಾಶಕ್ಕೆ ಚೆಲ್ಲದಂತೆ ಮಾಡಬೇಕೆಂಬುದಷ್ಟೇ ಗ್ರಾಮ ಪಂಚಾಯಿತಿಗಳಿಗೂ ಪಟ್ಟಣ ಪಂಚಾಯಿತಿ, ಪುರಸಭೆಗಳಿಗೂ ನಾನು ಮಾಡುವ ವಿನಂತಿ. ಓದುಗರು ಬರುವ ಯುಗಾದಿಯ ಅಮಾವಾಸ್ಯೆಯಂದು ಸಾಧಾರಣವಾದೊಂದು ಬೈನಾಕ್ಯುಲರನ್ನಾದರೂ ಹಿಡಿದು, ಊರಾಚೆಯ ಹೊಲಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಲಿ.