ಹೇಳುವುದೇ, ಮರೆಮಾಡುವುದೇ?

ವೃದ್ಧಳಾದ ತಾಯಿಯ ಹೊಟ್ಟೆಯಲ್ಲಿರುವುದು ಅರ್ಬುದವೆಂದು ಬಯಾಪ್ಸಿಯ ವರದಿ ಬಂದಾಗ, ನಮ್ಮ ಸಂಸಾರಗಳಲ್ಲಿ ಆ ಸುದ್ದಿಯನ್ನು ಎಲ್ಲರಿಗಿಂತ ಕಡೆಯಲ್ಲಿ ತಿಳಿಯುವವಳು, ಎಷ್ಟೋ ವೇಳೆ ತಿಳಿಯದೆಯೇ ಉಳಿಯುವವಳು, ಆ ತಾಯಿಯೇ. ವೈದ್ಯರು ಆಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, "ಜೊತೆಗೆ ಯಾರು ಬಂದಿದ್ದೀರಿ?" ಎಂದು ವಿಚಾರಿಸಿ, ಮಗನನ್ನೋ ಅಳಿಯನನ್ನೋ ಒಳಗೆ ಕರೆದು, ರೋಗದ ಹೆಸರನ್ನೂ ಅದು ಹಬ್ಬಿರುವ ಮಟ್ಟವನ್ನೂ ಉಳಿದಿರಬಹುದಾದ ಕಾಲವನ್ನೂ ಅವನಿಗೆ ತಿಳಿಸುತ್ತಾರೆ. ಅವನು ಹೊರಗೆ ಬಂದೊಡನೆ "ಏನಂದರಪ್ಪ ಡಾಕ್ಟರು?" ಎಂದು ತಾಯಿ ಕೇಳುತ್ತಾಳೆ. "ಏನಿಲ್ಲಮ್ಮ, ಸಣ್ಣ ಹುಣ್ಣಾಗಿದೆಯಂತೆ, ಮಾತ್ರೆ ತೊಗೊಂಡರೆ ವಾಸಿಯಾಗತ್ತಂತೆ" ಎಂದು ಅವನು ಹೇಳಿಬಿಡುತ್ತಾನೆ. ಹಾಗೆ ಹೇಳಿದ ಮಗ ಕ್ರೂರಿಯಲ್ಲ, ಸುಳ್ಳಾಡುವುದು ಅವನ ಸ್ವಭಾವವೂ ಅಲ್ಲ. ತಾಯಿಯ ಧೈರ್ಯ ಕುಸಿದೀತೆಂಬ ಭಯದಿಂದ ಅವನ ನಾಲಿಗೆ ಆ ಮಾತನ್ನು ಆಡಿತು. ಆದರೆ ಆ ರಾತ್ರಿ ಅವನಿಗೆ ನಿದ್ರೆ ಬರುವುದಿಲ್ಲ.

ಅವನ ಎದುರಿಗೆ ನಿಂತಿರುವುವು ಸತ್ಯ ಮತ್ತು ದಯೆ ಎಂಬ ಎರಡು ಧರ್ಮಗಳು. ಒಂದನ್ನು ಹಿಡಿದರೆ ಮತ್ತೊಂದು ಕೈಜಾರುವುದೆಂದು ಅವನಿಗೆ ತೋರುತ್ತದೆ. ಇಂತಹ ಸಮಯದಲ್ಲಿ ನೀತಿಶಾಸ್ತ್ರದ ಸಿದ್ಧಾಂತಗಳು ಅವನಿಗೆ ಏನನ್ನು ಕೊಡಬಲ್ಲವು? ಕಾಲೇಜಿನಲ್ಲಿ ತತ್ತ್ವಶಾಸ್ತ್ರವನ್ನು ಓದಿದವರಿಗೆ ಕರ್ತವ್ಯವಾದ, ಉಪಯುಕ್ತತಾವಾದ ಮುಂತಾದ ಹೆಸರುಗಳು ನೆನಪಿರುತ್ತವೆ. ಪರೀಕ್ಷೆ ಮುಗಿದ ಮೇಲೆ ಅವುಗಳ ಕೆಲಸವೂ ಮುಗಿಯಿತೆಂದೇ ಹೆಚ್ಚಿನವರ ಭಾವನೆ. ಈ ಭಾವನೆಯನ್ನು ನಾನು ಒಪ್ಪಲಾರೆ. ಆ ಸಿದ್ಧಾಂತಗಳು ನ್ಯಾಯಾಧೀಶರಂತೆ ತೀರ್ಪನ್ನು ಬರೆದುಕೊಡಲಾರವೆಂಬುದು ನಿಜವಾದರೂ, ನಾವು ನಮ್ಮಿಂದಲೇ ಬಚ್ಚಿಟ್ಟುಕೊಂಡಿರುವ ಪ್ರಶ್ನೆಗಳನ್ನು ಒಂದೊಂದಾಗಿ ಹೊರಗೆಳೆಯುವ ಶಕ್ತಿ ಅವುಗಳಿಗುಂಟು.

ನಮ್ಮ ಮಗ ಮೊದಲು ಆಶ್ರಯಿಸುವುದು ಬಹುಶಃ ಮಹಾಭಾರತವನ್ನು. ಕರ್ಣಪರ್ವದಲ್ಲಿ ಕರ್ಣನ ಬಾಣಗಳಿಂದ ಜರ್ಝರಿತನಾಗಿ ಶಿಬಿರಕ್ಕೆ ಮರಳಿದ ಯುಧಿಷ್ಠಿರನು, ಕರ್ಣನನ್ನು ಇನ್ನೂ ಕೊಲ್ಲದೆ ಬಂದ ಅರ್ಜುನನನ್ನು ಹಳಿದು, ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡೆಂದು ನುಡಿಯುತ್ತಾನೆ. ಹಾಗೆಂದವರ ತಲೆಯನ್ನು ಕಡಿಯುವೆನೆಂಬುದು ಅರ್ಜುನನ ಗುಪ್ತ ಪ್ರತಿಜ್ಞೆ. ಅವನು ಅಣ್ಣನ ಮೇಲೆ ಖಡ್ಗವನ್ನೆತ್ತುತ್ತಾನೆ. ಆಗ ಕೃಷ್ಣನು ಅವನನ್ನು ತಡೆದು ಹೇಳುವ ಕಥೆಗಳಲ್ಲಿ ಕೌಶಿಕನದು ಒಂದು. ನದಿಗಳ ಸಂಗಮದ ಬಳಿ ವಾಸವಾಗಿದ್ದ ಈ ತಪಸ್ವಿ ಸದಾ ಸತ್ಯವನ್ನೇ ನುಡಿಯುವ ವ್ರತವನ್ನು ತೊಟ್ಟಿದ್ದನು, ದಸ್ಯುಗಳಿಗೆ ಹೆದರಿದ ಜನರು ಅವನ ಕಣ್ಣೆದುರಿಗೇ ಕಾಡನ್ನು ಹೊಕ್ಕು ಅಡಗಿದರು, ಬೆನ್ನಟ್ಟಿ ಬಂದ ದಸ್ಯುಗಳು ಕೇಳಿದಾಗ ಅವನು ಇದ್ದುದನ್ನು ಇದ್ದಂತೆ ಹೇಳಿದನು, ಅಡಗಿದ್ದವರೆಲ್ಲ ಹತರಾದರು, ಸತ್ಯವಾದಿಯಾದ ಕೌಶಿಕನು ನರಕವನ್ನು ಸೇರಿದನು. ಪ್ರಾಣಿಗಳ ಹಿತವನ್ನು ಮರೆತ ಸತ್ಯವಚನವು ಧರ್ಮವಾಗಲಾರದೆಂಬ ಈ ಬೋಧೆಯನ್ನು ನೆನೆದು, ತಾಯಿಯ ಹಿತಕ್ಕಾಗಿ ತಾನು ಆಡಿದ ಮಾತೂ ಇದೇ ಜಾತಿಯದೆಂದು ಮಗನು ಸಮಾಧಾನವನ್ನು ತಾಳಬಹುದು.

ಇದೇ ಸಮಸ್ಯೆ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಯೂರೋಪಿನಲ್ಲಿಯೂ ಎದ್ದಿತು. ಜರ್ಮನಿಯ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಗ್ರಂಥದಲ್ಲಿ, ನೀನು ಯಾವ ನಿಯಮದಂತೆ ನಡೆಯುವೆಯೋ ಅದು ಸರ್ವರಿಗೂ ನಿಯಮವಾಗಲೆಂದು ನೀನು ಇಚ್ಛಿಸಬಲ್ಲೆಯಾ ಎಂಬ ಒರೆಗಲ್ಲನ್ನು ಕೊಟ್ಟಿದ್ದನು. ಮನುಷ್ಯನನ್ನು ಎಂದಿಗೂ ಕೇವಲ ಸಾಧನವೆಂದೆಣಿಸಬಾರದು, ಅವನು ತಾನೇ ಒಂದು ಸಾಧ್ಯವೆಂದು ಕಾಣಬೇಕು ಎಂದೂ ವಿಧಿಸಿದ್ದನು. ಕೊಲೆಗಾರನೊಬ್ಬನು ಬಾಗಿಲಿಗೆ ಬಂದು, ನಿನ್ನ ಮನೆಯಲ್ಲಿ ಅಡಗಿರುವ ನಿನ್ನ ಮಿತ್ರನು ಎಲ್ಲಿ ಎಂದು ಕೇಳಿದರೆ ಆಗಲೂ ನಿಜವನ್ನೇ ಹೇಳಬೇಕೇ ಎಂಬ ಆಕ್ಷೇಪವನ್ನು ಬೆಂಜಮಿನ್ ಕಾನ್‌ಸ್ಟಂಟ್ ಎಂಬ ಲೇಖಕನು ಎತ್ತಿ, ಸತ್ಯವನ್ನು ಕೇಳುವ ಹಕ್ಕುಳ್ಳವನಿಗೆ ಮಾತ್ರ ಸತ್ಯವನ್ನು ಹೇಳುವ ಕರ್ತವ್ಯವಿದೆಯೆಂದು ವಾದಿಸಿದನು. ಕಾಂಟ್ 1797ರ ತನ್ನ ಉತ್ತರದಲ್ಲಿ ಒಂದು ಹೆಜ್ಜೆಯನ್ನೂ ಹಿಂದಕ್ಕಿಡಲಿಲ್ಲ: ಕೊಲೆಗಾರನಿಗೂ ಸುಳ್ಳನ್ನು ಹೇಳಕೂಡದು, ಮಿತ್ರನು ಮನೆಯಲ್ಲಿಲ್ಲವೆಂದು ನೀನು ಸುಳ್ಳಾಡಿದಾಗ, ಅವನು ನಿನಗೆ ತಿಳಿಯದಂತೆ ನಿಜವಾಗಿಯೂ ಹೊರಗೆ ಹೋಗಿ ಕೊಲೆಗಾರನ ಕೈಗೆ ಸಿಕ್ಕಿದರೆ, ಆ ಮರಣಕ್ಕೆ ನೀನೂ ಬಾಧ್ಯಸ್ಥನಾಗುವೆ ಎಂದನು. ಈ ಮಾತನ್ನು ಕಾಂಟನ ಅಭಿಮಾನಿಗಳಲ್ಲಿಯೂ ಅನೇಕರು ಒಪ್ಪಲಾರದೆ ಹೋದರು. ನನಗೂ ಇಲ್ಲಿ ಕೃಷ್ಣನ ಪಕ್ಷವೇ ಸರಿಯಾಗಿ ಕಾಣುತ್ತದೆ.

ಆದರೆ ಈ ಎರಡು ಕಥೆಗಳನ್ನೂ ನಮ್ಮ ಮನೆಯ ಸಂಕಟದ ಪಕ್ಕದಲ್ಲಿ ಇಟ್ಟು ನೋಡಿದಾಗ, ಇಷ್ಟು ಹೊತ್ತು ಕಣ್ಣಿಗೆ ಬೀಳದೆ ಇದ್ದ ಒಂದು ಭೇದ ಎದ್ದು ಕಾಣುತ್ತದೆ. ಕೌಶಿಕನನ್ನು ಕೇಳಿದವರು ದಸ್ಯುಗಳು. ಕಾಂಟನ ಬಾಗಿಲನ್ನು ತಟ್ಟಿದವನು ಕೊಲೆಗಾರ. ಪರರ ಪ್ರಾಣವನ್ನು ಹರಣ ಮಾಡಲು ಬಂದ ಅವರಿಗೆ ಆ ಸತ್ಯದ ಮೇಲೆ ಎಳ್ಳಷ್ಟೂ ಅಧಿಕಾರವಿರಲಿಲ್ಲ. ಇಲ್ಲಿ "ಡಾಕ್ಟರು ಏನಂದರು?" ಎಂದು ಕೇಳುತ್ತಿರುವವಳು ಆ ದೇಹದ ಒಡತಿ. ನೋವು ಅವಳದು, ಕತ್ತರಿಸುವುದು ಅವಳ ಹೊಟ್ಟೆಯನ್ನು, ಮುಗಿಯುತ್ತಿರುವುದು ಅವಳ ಆಯುಸ್ಸು. ಕಾನ್‌ಸ್ಟಂಟನ ಉದಾರ ನಿಯಮವನ್ನೇ ಹಿಡಿದರೂ, ಈ ಸತ್ಯವನ್ನು ಕೇಳುವ ಹಕ್ಕು ಲೋಕದಲ್ಲಿ ಒಬ್ಬರಿಗೆ ಇರುವುದಾದರೆ ಅದು ಅವಳಿಗೇ. ಹೀಗಿರುವಲ್ಲಿ ಕೌಶಿಕನ ಕಥೆಯನ್ನು ತಾಯಿಯ ಮುಂದೆ ಆಡಿದ ಸುಳ್ಳಿಗೆ ಸಮರ್ಥನೆಯಾಗಿ ತರುವುದು ಆ ಕಥೆಗೆ ಮಾಡಿದ ಅನ್ಯಾಯವೆಂದೇ ಹೇಳಬೇಕು. ಕಾಂಟನಿಂದ ಇನ್ನೊಂದು ಸೂಕ್ಷ್ಮವನ್ನೂ ನಾವು ಕಲಿಯಬಹುದು. ತಿಳಿದುದನ್ನೆಲ್ಲ ಹೇಳಲೇಬೇಕೆಂದು ಅವನು ವಿಧಿಸಲಿಲ್ಲ. ಆಡಿದ ಮಾತು ಮಾತ್ರ ನಿಜವಾಗಿರಬೇಕೆಂದನು. "ಇನ್ನೂ ಕೆಲವು ಪರೀಕ್ಷೆ ಆಗಬೇಕಂತೆ, ಅಮ್ಮ, ಎಲ್ಲ ಗೊತ್ತಾದ ಮೇಲೆ ಕೂತು ಮಾತಾಡೋಣ" ಎಂಬುದು ಆ ಪರೀಕ್ಷೆಗಳು ನಿಜವಾಗಿಯೂ ಬಾಕಿಯಿರುವವರೆಗೆ ಮೌನ, "ಸಣ್ಣ ಹುಣ್ಣಂತೆ" ಎಂಬುದು ಅಸತ್ಯ.

ಫಲದಿಂದಲೇ ಕರ್ಮದ ಗುಣವನ್ನು ಅಳೆಯಬೇಕೆನ್ನುವ ಪಂಥದವರು ಇಲ್ಲಿ ಬೇರೆ ಮಾತನ್ನಾಡುತ್ತಾರೆ. ಇಂಗ್ಲೆಂಡಿನ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಪ್ರಕಟಿಸಿದ ಉಪಯುಕ್ತತಾವಾದದ ಪ್ರಬಂಧಗಳಲ್ಲಿ, ಸತ್ಯದ ನಿಯಮಕ್ಕೆ ಎಲ್ಲ ನೀತಿಜ್ಞರೂ ಒಪ್ಪುವ ಅಪವಾದಗಳನ್ನು ಹೇಳುವಾಗ, ಅಪಾಯಕರವಾಗಿ ಕಾಯಿಲೆ ಬಿದ್ದವರಿಂದ ಕೆಟ್ಟ ಸುದ್ದಿಯನ್ನು ಮರೆಸುವುದನ್ನೇ ಹೆಸರೆತ್ತಿ ಉದಾಹರಿಸುತ್ತಾನೆ. ಮಗನಿಗೆ ಇದಕ್ಕಿಂತ ದೊಡ್ಡ ಆಧಾರ ಬೇಡ. ಆದರೆ ಆ ಅಪವಾದವು ಅಗತ್ಯಕ್ಕಿಂತ ಮುಂದೆ ಹಬ್ಬಿ ಜನರ ಪರಸ್ಪರ ವಿಶ್ವಾಸವನ್ನು ಸಡಿಲಿಸದಂತೆ ಅದರ ಎಲ್ಲೆಯನ್ನು ಗುರುತಿಸಬೇಕೆಂದೂ ಮಿಲ್ ಅಲ್ಲಿಯೇ ಎಚ್ಚರಿಸಿದ್ದಾನೆ. ಫಲಗಳನ್ನು ಎಣಿಸುವುದಾದರೆ ಎಲ್ಲವನ್ನೂ ಎಣಿಸಬೇಕು. ಮಗನು ಎಣಿಸಿದ್ದು ಸುದ್ದಿಯನ್ನು ಕೇಳಿದ ಗಳಿಗೆಯ ಆಘಾತವೊಂದನ್ನು. ಅದರ ಮುಂದಿನ ತಿಂಗಳುಗಳನ್ನು ಅವನು ಲೆಕ್ಕಕ್ಕೆ ತರಲಿಲ್ಲ. ಕೀಮೋಥೆರಪಿಯಿಂದ ಕೂದಲು ಉದುರತೊಡಗಿದಾಗ, ಹುಣ್ಣಿನ ಮಾತ್ರೆಗೆ ಹೀಗಾಗುವುದುಂಟೇ ಎಂಬ ಸಂಶಯ ತಾಯಿಗೆ ಬಾರದಿರುವುದೇ? ಪಕ್ಕದ ಹಾಸಿಗೆಯ ರೋಗಿ, ವಾರ್ಡಿನ ಬಾಗಿಲ ಮೇಲಿನ ಫಲಕ, ವರ್ಷಗಟ್ಟಲೆ ಬಾರದ ನೆಂಟರು ಸಾಲಾಗಿ ಬಂದು ಕಣ್ಣೊರೆಸಿಕೊಂಡು ಹೋಗುವುದು, ಇವೆಲ್ಲವೂ ಅವಳಿಗೆ ಸುದ್ದಿಯನ್ನು ತಿಳಿಸಿಯೇ ತಿಳಿಸುತ್ತವೆ. ಆಗ ಮಕ್ಕಳು ನೊಂದಾರೆಂದು ಅವಳೂ ತಿಳಿಯದವಳಂತೆ ಇರತೊಡಗುತ್ತಾಳೆ. ಒಬ್ಬರಿಗಾಗಿ ಒಬ್ಬರು ಮರೆಮಾಡುತ್ತ, ಮನೆ ತುಂಬ ಜನರಿದ್ದೂ ಆ ತಾಯಿ ತನ್ನ ಭಯವನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲದವಳಾಗುತ್ತಾಳೆ. ಈ ಏಕಾಂತದ ದುಃಖವನ್ನು ತೂಕಕ್ಕೆ ಹಾಕದ ಉಪಯುಕ್ತತಾವಾದವು ಮಿಲ್ಲನದಲ್ಲ.

ವೈದ್ಯಲೋಕದ ಅಭಿಪ್ರಾಯವೂ ಈ ವಿಷಯದಲ್ಲಿ ಸ್ಥಿರವಾಗಿ ನಿಂತದ್ದಲ್ಲ. ಷಿಕಾಗೋದಲ್ಲಿ ನಡೆದು 1961ರಲ್ಲಿ ಪ್ರಕಟವಾದ ಒಂದು ವಿಚಾರಣೆಯಲ್ಲಿ, ಅರ್ಬುದರೋಗಿಗೆ ರೋಗವನ್ನು ತಿಳಿಸದಿರುವುದೇ ಲೇಸೆಂದವರು ನೂರಕ್ಕೆ ಸುಮಾರು 90 ಮಂದಿ ವೈದ್ಯರು. ಅದೇ ಪ್ರಶ್ನೆಗಳನ್ನು ಅಮೆರಿಕದಲ್ಲಿ ಮತ್ತೆ ಕೇಳಿ 1979ರಲ್ಲಿ ಪ್ರಕಟಿಸಿದಾಗ, ತಿಳಿಸಬೇಕೆಂದವರು ನೂರಕ್ಕೆ 97. ಚಿಕಿತ್ಸೆ ಸುಧಾರಿಸಿತ್ತು, ರೋಗಿಯ ಅಧಿಕಾರದ ಕಲ್ಪನೆಯೂ ಬೆಳೆದಿತ್ತು.

ಇದೆಲ್ಲ ವ್ಯಕ್ತಿಯೊಬ್ಬನನ್ನೇ ಕೇಂದ್ರವಾಗಿಟ್ಟುಕೊಂಡ ಪಶ್ಚಿಮದ ದೃಷ್ಟಿ, ನಮ್ಮಲ್ಲಿ ಕಾಯಿಲೆ ಬರುವುದು ಇಡೀ ಸಂಸಾರಕ್ಕೆ, ಎಂದು ಹಿರಿಯರೊಬ್ಬರು ಆಕ್ಷೇಪಿಸಿದರೆ ಅದನ್ನು ತಳ್ಳಿಹಾಕುವಂತಿಲ್ಲ. ನಮ್ಮ ದೇಶದ ವೈದ್ಯರಿಗೆ 2002ರಲ್ಲಿ ವಿಧಿಸಿದ ವೃತ್ತಿನಿಯಮಗಳು ಸಹ, ರೋಗದ ಗಾಂಭೀರ್ಯವನ್ನು ಹಿಗ್ಗಿಸಲೂ ಬಾರದು ಕುಗ್ಗಿಸಲೂ ಬಾರದೆಂದು ಹೇಳಿ, ಅದರ ತಿಳಿವಳಿಕೆ ರೋಗಿಗೋ ಬಂಧುಗಳಿಗೋ ಹೊಣೆಯರಿತ ಮಿತ್ರರಿಗೋ ಇರುವಂತೆ ನೋಡಿಕೊಳ್ಳಬೇಕೆನ್ನುತ್ತವೆ. ಅಮೆರಿಕದ ಕ್ಯಾರೊಲ್ ಗಿಲಿಗನ್ 1982ರ ತಮ್ಮ ಗ್ರಂಥದಲ್ಲಿ, ಹಕ್ಕು ಮತ್ತು ನಿಯಮಗಳ ಭಾಷೆಯೊಂದೇ ನೀತಿಯ ಭಾಷೆಯಲ್ಲ, ಸಂಬಂಧ ಮತ್ತು ಆರೈಕೆಯ ದೃಷ್ಟಿಯೂ ಅಷ್ಟೇ ಪ್ರೌಢವಾದದ್ದೆಂದು ಪ್ರತಿಪಾದಿಸಿದರು. ಈ ದೃಷ್ಟಿಯಿಂದ ಮಗನನ್ನು ಒಂದು ಮಾತು ಕೇಳಬೇಕಾಗುತ್ತದೆ, ಮತ್ತು ಎಲ್ಲಕ್ಕಿಂತ ಕಠಿನವಾದ ಮಾತು ಇದೇ: ನೀನು ಉಳಿಸಹೊರಟದ್ದು ತಾಯಿಯ ಕಣ್ಣೀರನ್ನೋ, ತಾಯಿ ಅಳುವುದನ್ನು ಎದುರಿಗೆ ಕುಳಿತು ನೋಡಬೇಕಾದ ನಿನ್ನ ಸಂಕಟವನ್ನೋ? ಗಂಡನನ್ನು ಕಳೆದುಕೊಂಡು, ಸಾಲ ತೀರಿಸಿ, ಮಕ್ಕಳನ್ನು ಓದಿಸಿ, ಸಂಸಾರವನ್ನು ದಡ ಮುಟ್ಟಿಸಿದ ಹೆಂಗಸಿಗೆ ಈ ಸುದ್ದಿಯನ್ನು ತಾಳುವ ಶಕ್ತಿಯಿಲ್ಲವೆಂದು ನೀನು ತೀರ್ಮಾನಿಸಿದ್ದು ಯಾವಾಗ? ಸಂಸಾರವೆಲ್ಲ ಒಂದೇ ಎಂದರೆ, ಆ ಸಂಸಾರದಿಂದ ಅವಳೊಬ್ಬಳನ್ನು ಹೊರಗಿಟ್ಟು ಉಳಿದವರು ಕೂಡಿ ಆಲೋಚಿಸುವುದು ಹೇಗೆ ಸಲ್ಲುತ್ತದೆ?

ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ, ತಕ್ಕ ಕಾಲದಲ್ಲಿ, ತಕ್ಕವರೊಡನೆ, ತಕ್ಕ ರೀತಿಯಲ್ಲಿ ನಡೆಯುವುದೇ ಸದ್ಗುಣದ ಲಕ್ಷಣವೆಂದೂ ಅದನ್ನು ಕಂಡುಕೊಳ್ಳುವ ವಿವೇಕವು ಅನುಭವದಿಂದ ಬರುವುದೆಂದೂ ಹೇಳಿದನು. ಇಷ್ಟು ದೂರ ಬಂದಾಗ, ಹೇಳಬೇಕೇ ಹೇಳಬಾರದೇ ಎಂಬ ಪ್ರಶ್ನೆಯೇ ತಾಯಿಯನ್ನು ಬಿಟ್ಟು ಕೇಳಿದ ಪ್ರಶ್ನೆಯೆಂದು ಹೊಳೆಯುತ್ತದೆ. ಎಷ್ಟು ತಿಳಿಯಬೇಕೆಂಬುದನ್ನು ಅವಳನ್ನೇ ಕೇಳಬಹುದಾಗಿತ್ತು. ಅರ್ಬುದರೋಗದ ವೈದ್ಯರಿಗಾಗಿ 2000ದಲ್ಲಿ ರೂಪಿಸಿದ ಆರು ಹಂತಗಳ ಒಂದು ಪ್ರಸಿದ್ಧ ಪದ್ಧತಿಯಲ್ಲಿ, ಕೆಟ್ಟ ಸುದ್ದಿಯನ್ನು ಹೇಳುವುದಕ್ಕೆ ಮೊದಲು ರೋಗಿಗೆ ಈಗಾಗಲೇ ಏನು ತಿಳಿದಿದೆ, ಇನ್ನೆಷ್ಟು ತಿಳಿಯುವ ಇಚ್ಛೆಯಿದೆ ಎಂಬುದನ್ನು ವಿಚಾರಿಸುವ ಹಂತಗಳಿವೆ. "ಪರೀಕ್ಷೆಯಲ್ಲಿ ಏನಾದರೂ ದೊಡ್ಡದು ಕಂಡರೆ ನಿಮಗೇ ಹೇಳಲೇ ಅಮ್ಮಾ, ಮಗನಿಗೆ ಹೇಳಿದರೆ ಸಾಕೇ?" ಎಂದು ವರದಿ ಬರುವ ಮುನ್ನವೇ ವೈದ್ಯರು ಕೇಳಬಹುದು. "ನನಗೆ ಯಾಕಪ್ಪ ಅದೆಲ್ಲ, ಅವನಿಗೇ ಹೇಳಿ" ಎಂದು ತಾಯಿ ಅಂದರೆ, ಆ ಮೇಲಿನ ಮಗನ ಮೌನವು ಅವಳೇ ಕೊಟ್ಟ ಅಪ್ಪಣೆಯಾಗುತ್ತದೆ. ಕಾಂಟನೂ ಅದರಲ್ಲಿ ದೋಷವನ್ನು ಕಾಣಲಾರನು. "ನನಗೇ ಹೇಳಿ" ಎಂದರೆ ದಾರಿ ಸ್ಪಷ್ಟವಾಯಿತು. ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ, ಗುಣವಾಗದ ಸ್ಥಿತಿಯಲ್ಲಿ ತನಗೆ ಎಂತಹ ಚಿಕಿತ್ಸೆ ಬೇಡವೆಂಬುದನ್ನು ಮುಂಚಿತವಾಗಿ ಬರೆದಿಡುವ ಅಧಿಕಾರವನ್ನು ಪ್ರತಿಯೊಬ್ಬ ವಯಸ್ಕರಿಗೂ ಒಪ್ಪಿತು, 2023ರಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ತನ್ನ ರೋಗವೇ ತಿಳಿಯದ ತಾಯಿ ಈ ಅಧಿಕಾರವನ್ನು ಬಳಸಲು ಹೇಗೆ ಸಾಧ್ಯ?

ಇಷ್ಟೆಲ್ಲ ಆದ ಮೇಲೂ ಹೇಳಲಾಗದ ಸಂದರ್ಭಗಳು ಬರುತ್ತವೆ. ಗಾಢವಾದ ಖಿನ್ನತೆಯಲ್ಲಿ ಮುಳುಗಿದವಳಿಗೆ, ಮರೆವಿನ ರೋಗದಿಂದ ಬುದ್ಧಿ ಕ್ಷೀಣಿಸಿದವಳಿಗೆ, ಸುದ್ದಿಯನ್ನು ಪ್ರತಿದಿನ ಹೊಸದಾಗಿ ತಿಳಿಸಿ ಪ್ರತಿದಿನ ಹೊಸದಾಗಿ ಅಳಿಸುವುದು ಯಾವ ಧರ್ಮವೂ ಅಲ್ಲ. ಅಲ್ಲಿ ದಯೆ ಗೆಲ್ಲುತ್ತದೆ, ಗೆಲ್ಲಬೇಕು. ಆದರೆ ಸ್ಕಾಟ್ಲೆಂಡಿನ ಡಬ್ಲ್ಯು. ಡಿ. ರಾಸ್ 1930ರ ತನ್ನ ಗ್ರಂಥದಲ್ಲಿ ತೋರಿಸಿದಂತೆ, ಎರಡು ಕರ್ತವ್ಯಗಳಲ್ಲಿ ಒಂದು ಮೇಲುಗೈಯಾದಾಗ ಸೋತ ಕರ್ತವ್ಯ ಅಳಿದುಹೋಗುವುದಿಲ್ಲ. ಅದು ಒಂದು ವ್ಯಥೆಯನ್ನೂ, ಆದ ಕೊರತೆಯನ್ನು ಬೇರೆ ಬಗೆಯಲ್ಲಿ ತುಂಬಿಕೊಡಬೇಕೆಂಬ ಹೊಣೆಯನ್ನೂ ಉಳಿಸಿಹೋಗುತ್ತದೆ. ಕರ್ಣಪರ್ವದ ಕವಿಗೂ ಇದು ತಿಳಿದಿತ್ತು. ಹಿರಿಯರನ್ನು ಏಕವಚನದಲ್ಲಿ ನಿಂದಿಸುವುದೇ ಅವರ ವಧೆಗೆ ಸಮವೆಂದು ಕೃಷ್ಣನು ಉಪಾಯವನ್ನು ಹೇಳಿಕೊಟ್ಟು, ಅರ್ಜುನನು ಅಣ್ಣನನ್ನು ಹಾಗೆ ನಿಂದಿಸಿ ಪ್ರತಿಜ್ಞೆಯನ್ನು ತೀರಿಸಿಕೊಂಡರೂ, ಅವನ ಸಂಕಟ ಅಲ್ಲಿಗೆ ಮುಗಿಯಲಿಲ್ಲ. ಅಣ್ಣನನ್ನು ಅವಮಾನಿಸಿದೆನೆಂಬ ದುಃಖದಿಂದ ಅವನು ಖಡ್ಗವನ್ನು ತನ್ನ ಮೇಲೆಯೇ ತಿರುಗಿಸಹೊರಟನು. ಹೇಳಲಾರದೆ ಉಳಿದ ಮಗನಿಗೂ ತಾಯಿಯಲ್ಲಿ ಅಂತಹ ಒಂದು ಋಣವಿದೆ: ಮಾತು ಬಿಟ್ಟಿದ್ದ ತಂಗಿಯನ್ನು ಕರೆಸಿ ಅವಳೆದುರಿಗೆ ಕೂರಿಸುವುದು, ಅವಳು ನೋಡಬೇಕೆಂದಿದ್ದ ತವರೂರಿಗೆ ನಡೆಯುವ ಶಕ್ತಿ ಇರುವಾಗಲೇ ಕರೆದೊಯ್ಯುವುದು, ಅವಳ ಒಡವೆ ಯಾರಿಗೆಂಬುದನ್ನು ಅವಳ ಬಾಯಿಂದಲೇ ಕೇಳಿಕೊಳ್ಳುವುದು, ರಾತ್ರಿ ಎಚ್ಚರವಾಗಿ ಕರೆದಾಗ ಎದ್ದುಬಂದು ಪಕ್ಕದಲ್ಲಿ ಕುಳಿತುಕೊಳ್ಳುವುದು.